ಎಡಗಡೆಯ ಸಮುದ್ರ

ಜನವರಿ ೯, ಗುರುವಾರ

ಅಂತೂ ಬಂದರು. ಮುದ್ದೇಬಿಹಾಳದಿಂದ ಹೈದರಾಬಾದಿಗೆ ಬಸ್ಸು, ಅಲ್ಲಿಂದ ಮಸ್ಕತ್ತಿಗೆ ವಿಮಾನ. ಜೀವಮಾನವಿಡೀ ಬಳೆಯ ಮಲಾರ ಹೊತ್ತುಕೊಂಡು ಇಂಡಿ, ಸಿಂದಗಿ, ಬಾಗೇವಾಡಿ, ದೇವರ ಹಿಪ್ಪರಗಿ ಅಂತ ಸಂತೆ ಸಂತೆ ತಿರುಗಿದ ನನ್ನ ಅವ್ವ, ಅಪ್ಪನಿಗೆ ಇದೊಂದು ಸ್ವಲ್ಪ ದೂರದ ಸಂತೆ, ಅಷ್ಟೆ. ಅಪ್ಪನಂತೂ ವಿಮಾನದಲ್ಲಿ ಕಿಟಕಿ ಸೀಟು ಸಿಗಲಿಲ್ಲ ಅಂತ ಇನ್ನೂ ಗೊಣಗುತ್ತಿದ್ದಾನೆ.

ನಿಲ್ದಾಣದಲ್ಲೇ ಮೊದಲ ಸಿಟ್ಟು. ನಾನು ಬಾಗಿಲಿಗೇ ಕಣ್ಣು ನೆಟ್ಟು ನಿಂತಿದ್ದೇನೆ, ಜನ ಬರುತ್ತಿದ್ದಾರೆ, ಇವರ ಸುಳಿವಿಲ್ಲ. ಫೋನ್ ತೆಗೆಯುವಷ್ಟರಲ್ಲಿ ಯಾರೋ ನನ್ನ ಎಡಮೊಣಕೈ ಹಿಡಿದರು. ನೋಡಿದರೆ ಅವ್ವ. ಅವಳ ಹಿಂದೆ ಅಪ್ಪ, ಅವನ ಹಿಂದೆ ಖಡಕ್ ರೊಟ್ಟಿಯ ಡಬ್ಬ.

"ಆಗಿಂದ ನಿನ್ನ ಬಾಜೂಕನ ನಿಂತೇವಲ್ಲೋ" ಎಂದಳು ಅವ್ವ.

"ನಿಂತ್ರ ಕರೀಬಾರ್ದೇನವ್ವಾ? ಕಂಬದಂಗ ನಿಂತ್ರ ನನಗ ಹ್ಯಾಂಗ ಗೊತ್ತಾಗಬೇಕು?"

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಪಾಪ, ಅವಳಿಗೆ ಎಷ್ಟು ಕಾಣುತ್ತದೆಯೋ ಏನೋ. ಹೋದ ವರ್ಷ ಊರಿನ ಕಣ್ಣಿನ ಶಿಬಿರದಲ್ಲಿ ನೋಡಿ ಹೇಳಿದ್ದರು: ಕಣ್ಣೊಳಗೆ ಒತ್ತಡ ಏರಿದೆ, ನೋಟ ಅಂಚಿನಿಂದ ಕಿರಿದಾಗುತ್ತ ಬರುತ್ತಿದೆ, ಹನಿ ಹಾಕಿಕೊಳ್ಳಬೇಕು, ಹೋದದ್ದು ತಿರುಗಿ ಬರುವುದಿಲ್ಲ. ಅದನ್ನು ಕೇಳಿದ ದಿನವೇ ನಿಶ್ಚಯ ಮಾಡಿದೆ. ಇವಳ ಕಣ್ಣು ಪೂರ್ತಿ ಹೋಗುವುದರೊಳಗೆ ನಾನಿರುವ ದೇಶವನ್ನು ತೋರಿಸಬೇಕು. ಸಮುದ್ರ ಕಂಡವಳಲ್ಲ. ಒಂದು ತಿಂಗಳ ವೀಸಾ ಇದೆ, ಎಲ್ಲಾ ತೋರಿಸುತ್ತೇನೆ.

ಮಕ್ಕಳೂ ಕಣ್ಣು ತೋರಿಸಿಕೊಳ್ಳಬೇಕು ಅಂದಿದ್ದರಂತೆ ಆ ಡಾಕ್ಟರು. ತಂಗಿ ತೋರಿಸಿದಳು, ಏನೂ ಇಲ್ಲವಂತೆ. ಅವ್ವ ನನಗೂ ಫೋನಿನಲ್ಲಿ ಹತ್ತು ಸಲ ಹೇಳಿದ್ದಾಳೆ. ಆಯ್ತು ಬಿಡವ್ವ ಎಂದಿದ್ದೇನೆ. ನನ್ನ ಕಣ್ಣಿಗೇನಾಗಿದೆ? ಗೋದಾಮಿನ ಆ ತುದಿಯಲ್ಲಿರುವ ಟೈಲ್ಸ್ ಪೆಟ್ಟಿಗೆಯ ಮೇಲಿನ ಸಣ್ಣಕ್ಷರ ಈ ತುದಿಯಿಂದ ಓದುತ್ತೇನೆ.

ಮನೆಯ ಕೆಳಗೆ ಕಾರು ನಿಲ್ಲಿಸುವಾಗ ನನ್ನ ಬದಿಯ ಕನ್ನಡಿ ಕಂಬಕ್ಕೆ ತಾಗಿ ಮುರಿಯಿತು. ದರಿದ್ರ ಕಂಬ, ಅದನ್ನು ಅಲ್ಲಿ ಯಾರು ಕಟ್ಟಿದರೋ. ಅಪ್ಪ ಹಿಂದಿನ ಸೀಟಿನಿಂದ, "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಅವ್ವ ಬಂದವಳೇ ಅಡುಗೆಮನೆ ಹೊಕ್ಕಳು. ಒಲೆಯ ಎಡಕ್ಕೆ ಒಂದು ಸಣ್ಣ ಕಿಟಕಿ ಇದೆ, ಅಲ್ಲಿ ನಿಂತು, "ಖಲೀಲ, ಇಲ್ಲಿಂದಾನ ಸಮುದ್ರ ಕಾಣಸ್ತೈತಲ್ಲೋ!" ಎಂದಳು.

"ಎಲ್ಲೀ ಸಮುದ್ರ? ಅದು ಬಾಜೂದವರ ಗ್ವಾಡಿ. ಸಮುದ್ರ ತೋರಸ್ತೇನಿ ತಡಿ, ಗಡಿಬಿಡಿ ಮಾಡಬ್ಯಾಡ."

ಗೋಡೆಯನ್ನು ಸಮುದ್ರ ಅನ್ನುವ ಹಾಗಾಗಿದೆ ಅವಳ ಕಣ್ಣು.


ಜನವರಿ ೧೧, ಶನಿವಾರ

ದೊಡ್ಡ ಮಸೀದಿ ತೋರಿಸಿದೆ. ಗುಮ್ಮಟ, ತೂಗುದೀಪ, ಜಮಖಾನೆ, ತೋಟ. ಎಲ್ಲಾ ಆಯಿತು.

ಅಪ್ಪ ಕತ್ತೆತ್ತಿ ತೂಗುದೀಪ ನೋಡಿದ ಮನುಷ್ಯ ಕತ್ತಿಳಿಸಲೇ ಇಲ್ಲ. "ಇದನ್ನ ಗೋಳಗುಮ್ಮಟದಾಗ ತೂಗಹಾಕಿದ್ರ ಹ್ಯಾಂಗ ಕಾಣತಿತ್ತೋ" ಎಂದು ಪಕ್ಕದಲ್ಲಿದ್ದ ಯಾವನೋ ಬಿಳಿಯನಿಗೆ ಕನ್ನಡದಲ್ಲೇ ಹೇಳಿದ. ಅವನೂ ತಲೆಯಾಡಿಸಿದ.

ಅವ್ವನದೇ ತಲೆನೋವು. ಮೇಲೆ ನೋಡು ಅಂದರೆ ಮೇಲೆ ನೋಡುವುದಿಲ್ಲ. "ಆ ಕಡೆ ಕುಂತಾವ್ರು ಗಂಡಸರೋ ಹೆಂಗಸರೋ?" "ನಿನ್ನ ಎಡಕ ಗ್ವಾಡಿಮ್ಯಾಲ ಏನ ಬರದಾರ?" ಒಂದೇ ಸಮ ಪ್ರಶ್ನೆ. ಪಾಪ, ಕಾಣದೆ ಕೇಳುತ್ತಾಳೆ ಅಂತ ನಾನೂ ತಿರುತಿರುಗಿ ನೋಡಿ ಹೇಳಿದೆ. ಹೇಳಿದಾಗೆಲ್ಲ ಅವಳು ನನ್ನ ಮುಖ ನೋಡುತ್ತಿದ್ದಳು.

"ನನ್ನ ಮಾರಿ ಊರಾಗೂ ನೋಡಬಹುದವ್ವಾ. ಇಷ್ಟ ದೂರ ಬಂದಿ, ಮ್ಯಾಲ ನೋಡು!"

"ನೋಡಿದೆ ಬಿಡಪ್ಪಾ. ಛಲೋ ಐತಿ."

ಇಷ್ಟೇ. ರಜೆಯ ದಿನ ಎಲ್ಲಾ ಬಿಟ್ಟು ಕರೆದುಕೊಂಡು ಹೋದದ್ದಕ್ಕೆ ಛಲೋ ಐತಿ.

ಹೊರಗೆ ಅಯೂಬ ಸಿಕ್ಕ. ನಮ್ಮ ಗೋದಾಮಿನವನೇ, ಸಿಂದಗಿ ಕಡೆಯವನು. ಅವನಿಗೆ "ಇವರು ನಮ್ಮ ಅಮ್ಮೀಜಾನ್" ಎಂದು ಪರಿಚಯಿಸಿದೆ. ಹುಟ್ಟಿದಾಗಿನಿಂದ ಅವ್ವ ಅಂತ ಕರೆದವನ ಬಾಯಲ್ಲಿ ಅದು ಯಾಕೆ ಬಂತೋ. ಅವ್ವ ಒಂದು ಕ್ಷಣ ಹಿಂದೆ ತಿರುಗಿ ನೋಡಿದಳು, ಬೇರೆ ಯಾರೋ ಬಂದರೇನೋ ಎಂಬಂತೆ.

ದಾರಿಯಲ್ಲಿ ಅವ್ವ ಹೊನ್ನವ್ವನ ಸುದ್ದಿ ತೆಗೆದಳು. ಬಜಾರದಲ್ಲಿ ಬೇವಿನ ಗಿಡದ ಕೆಳಗೆ ಕಾಯಿಪಲ್ಲೆ ಮಾರುವವಳು, ನನ್ನನ್ನು ಎತ್ತಿ ಆಡಿಸಿದವಳು. ನಾನು ಬಕ್ರೀದಿಗೆ ಹೆಂಡತಿ, ಮಗಳನ್ನು ನೋಡಲು ರಜೆಯಲ್ಲಿ ಹೋದಾಗ ಅವಳ ಮುಂದೆಯೇ ಹಾದುಹೋದರೂ ಮಾತಾಡಿಸಲಿಲ್ಲವಂತೆ. "ಫಾರಿನ್ನಿಗೆ ಹೋದ ಮ್ಯಾಲ ಖಲೀಲಗ ಸೊಕ್ಕ ಬಂದೈತಿ" ಅಂತ ಊರ ತುಂಬ ಹೇಳಿದ್ದಾಳಂತೆ.

"ನಾ ಆಕಿನ್ನ ನೋಡೇ ಇಲ್ಲವ್ವಾ!"

"ಹೌದ?" ಎಂದಳು ಅವ್ವ. ಅಷ್ಟೇ.


ಜನವರಿ ೧೪, ಮಂಗಳವಾರ

ನಾನು ಗೋದಾಮಿಗೆ ಹೋದ ಮೇಲೆ ಇವರಿಬ್ಬರೂ ಮನೆಯಲ್ಲೇ. ಅಪ್ಪ ಕೆಳಗಿನ ಅಂಗಡಿಯ ಬಲೂಚಿ ಮುದುಕನ ಸ್ನೇಹ ಮಾಡಿಕೊಂಡಿದ್ದಾನೆ. ಯಾವ ಭಾಷೆಯಲ್ಲಿ ಮಾತಾಡುತ್ತಾರೋ ದೇವರೇ ಬಲ್ಲ.

ಸಂಜೆ ಅವ್ವ ಚಹಾ ತಂದು ನನ್ನ ಎಡಕ್ಕೆ ಇಟ್ಟಳು, ಸದ್ದಿಲ್ಲದೆ. ಕೈ ತಾಗಿ ಲೋಟ ಉರುಳಿತು. ಪ್ಯಾಂಟೆಲ್ಲ ಚಹಾ. "ಹೇಳಿ ಇಡಬಾರ್ದೇನು? ಅಡ್ಡಡ್ಡ ಇಡ್ತಿ!" ಎಂದು ಕೂಗಾಡಿದೆ. ಮರುಕ್ಷಣವೇ ಕೆಟ್ಟೆನಿಸಿತು, ಆದರೆ ಕೂಗಿ ಆಗಿತ್ತು. ಅವಳು ಒರೆಸಿ ಇನ್ನೊಂದು ಲೋಟ ತಂದಳು. ಈ ಸಲ ಬಲಕ್ಕೆ ಇಟ್ಟಳು. ಅದು ಉರುಳಲಿಲ್ಲ.

ಹಾಲ್ ದೀಪ ಬಹಳ ಮಬ್ಬಾಗಿದೆ, ಬರೆಯಲು ಆಗುತ್ತಿಲ್ಲ. ಬಲ್ಬ್ ಬದಲಿಸಬೇಕು.


ಜನವರಿ ೧೭, ಶುಕ್ರವಾರ

ಇವತ್ತು ನಿಜ್ವಾ ಎಂಬ ಕೋಟೆಯ ಊರಿಗೆ ಹೋದೆವು. ಮೂರ್ಖತನ ಮಾಡಿದೆ.

ಶುಕ್ರವಾರ ಬೆಳಿಗ್ಗೆ ಅಲ್ಲಿ ಆಡಿನ ಸಂತೆ. ದುಂಡಗಿನ ಕಟ್ಟೆಯ ಸುತ್ತ ಕೊಳ್ಳುವವರು ಕೂತಿರುತ್ತಾರೆ, ಮಾರುವವರು ಆಡುಗಳನ್ನು ಎಳೆದುಕೊಂಡು ಸುತ್ತು ಹಾಕುತ್ತ ಬೆಲೆ ಕೂಗುತ್ತಾರೆ. ಅಪ್ಪನಿಗೆ ದೇವರ ಹಿಪ್ಪರಗಿಗೇ ಬಂದ ಹಾಗಾಯಿತು. "ಏ ಅಬಿದಾ, ಈ ಹೋತ ನೋಡ, ಕಿವಿ ನೋಡ ಇದರದು!" ಎಂದು ಅವ್ವನನ್ನು ಕರೆದು ಸಣ್ಣ ಹುಡುಗನ ಹಾಗೆ ಕುಣಿದ. ಬಂದಾಗಿನಿಂದ ಅವನನ್ನು ಅಷ್ಟು ಖುಷಿಯಲ್ಲಿ ನೋಡಿರಲಿಲ್ಲ.

ಫೋಟೋ ತೆಗೆಯೋಣ ಅಂತ ನಾನು ಒಂದು ಹೆಜ್ಜೆ ಮುಂದೆ ಹೋದೆ. ಎಲ್ಲಿಂದ ಬಂತೋ ಒಂದು ದೈತ್ಯ ಹೋತ, ಎಡಗಡೆಯಿಂದ ಬಂದು ಗುದ್ದಿತು. ಸೀದಾ ನೆಲಕ್ಕೆ. ಮೊಣಕಾಲು ತರಚಿಹೋಯಿತು, ಮೊಬೈಲು ಗಾಜು ಒಡೆಯಿತು. ಹೋತ ಹಿಡಿದಿದ್ದ ಮುದುಕ ಅರಬ್ಬಿಯಲ್ಲಿ ಏನೋ ಬೈದ. "ನಾನು ಕೂಗುತ್ತಲೇ ಬಂದೆ, ನೀನು ನೋಡಲಿಲ್ಲ" ಅಂದನಂತೆ, ಪಕ್ಕದವರು ಹೇಳಿದರು. ಅವರವರ ಗದ್ದಲದಲ್ಲಿ ಯಾವ ಕೂಗು ಯಾರದು ಅಂತ ಹೇಗೆ ತಿಳಿಯಬೇಕು?

ಅಪ್ಪ ಮೊದಲು ನಕ್ಕ. ಆಮೇಲೆ ಅವ್ವನ ಮುಖ ನೋಡಿ ನಗು ನಿಲ್ಲಿಸಿದ.

ಕೋಟೆ ಹತ್ತಲಿಲ್ಲ. ಅವ್ವ ಬೇಡವೆಂದಳು. ಬರುವಾಗ ಹೆದ್ದಾರಿಯಲ್ಲಿ ಎಡಸಾಲಿಗೆ ಹೊರಳಿಸಿದೆ, ಪಕ್ಕದಲ್ಲೇ ಒಂದು ದೊಡ್ಡ ಗಾಡಿ ಹಾರ್ನ್ ಒತ್ತಿ ಕಿರುಚಿತು. ಕೂದಲೆಳೆಯಲ್ಲಿ ಪಾರು. ಇಲ್ಲಿನ ಹುಡುಗರು ಗಾಡಿ ಓಡಿಸುವುದೇ ಹೀಗೆ, ಗಾಳಿಯಲ್ಲಿ ಹುಟ್ಟಿ ಬರುತ್ತಾರೆ. ಅವ್ವ ಹಿಂದಿನಿಂದ ನನ್ನ ಹೆಗಲು ಹಿಡಿದವಳು ಮಸ್ಕತ್ ಬರುವವರೆಗೆ ಬಿಡಲಿಲ್ಲ. ದುವಾ ಓದುತ್ತಿದ್ದಳು. ಆ ಬೆರಳುಗಳ ಒತ್ತು ಈಗಲೂ ಹೆಗಲ ಮೇಲಿದೆ.


ಜನವರಿ ೨೦, ಸೋಮವಾರ

ಮನೆಗೆ ಬಂದಾಗ ಇಬ್ಬರೂ ಅಡುಗೆಮನೆಯಲ್ಲಿ ಮಾತಾಡುತ್ತಿದ್ದರು. ಚಪ್ಪಲಿ ಬಿಡುತ್ತ ಕೇಳಿಸಿಕೊಂಡೆ.

"ಹೇಳಿಬಿಡು. ದಿನಾ ಹೊಂಟಾವ" ಅಂದ ಅಪ್ಪ.

"ಅವನ ಸಿಟ್ಟ ನಿಮಗ ಗೊತ್ತಿಲ್ಲೇನ್ರಿ? ಖಾತ್ರಿ ಆಗ್ಲಿ ನನಗ. ಸುಮ್ಮಸುಮ್ಮಕ ಹ್ಯಾಂಗ ಹೇಳಲಿ?"

ನಾನು ಒಳಗೆ ಹೋದ ಕೂಡಲೇ ಸುಮ್ಮನಾದರು. ಅವ್ವನ ಕಣ್ಣು ಇನ್ನೂ ಕೆಟ್ಟಿದೆ, ನನಗೆ ಹೇಳಲು ಹೆದರುತ್ತಿದ್ದಾರೆ. ಇಷ್ಟೂ ತಿಳಿಯದಷ್ಟು ದಡ್ಡನೇ ನಾನು? ಇಲ್ಲಿನ ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿ ಅವಳಿಗೆ ಮುಂದಿನ ಮಂಗಳವಾರ ಹೊತ್ತು ಗೊತ್ತು ಮಾಡಿದೆ. ಹೇಳಿದರೆ ಬೇಡವೆನ್ನುತ್ತಾಳೆ ಅಂದುಕೊಂಡಿದ್ದೆ. "ಛಲೋ ಆತು, ಹೋಗೂಣು" ಎಂದಳು. ಅಪ್ಪನ ಕಡೆ ನೋಡಿ ಉಸಿರು ಬಿಟ್ಟಳು.


ಜನವರಿ ೨೪, ಶುಕ್ರವಾರ

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿನ್ನೆ ಮತ್ರಾದ ಹಳೆ ಬಜಾರಿಗೆ ಕರೆದುಕೊಂಡು ಹೋಗಿದ್ದೆ. ಬಂಗಾರದ ಅಂಗಡಿಗಳ ಮುಂದೆ ನಿಲ್ಲಿಸಿ, ಏನು ಬೇಕು ಕೇಳವ್ವ ಎಂದೆ. ಅವಳು ಬಂಗಾರ ಬಿಟ್ಟು ಒಂದು ಮೂಲೆಯ ಅಂಗಡಿಯಲ್ಲಿ ಗಾಜಿನ ಬಳೆ ಕೊಂಡಳು. ಒಂದು ಡಜನ್ ಹಸಿರು, ಒಂದು ಡಜನ್ ಕೆಂಪು. ಹುಟ್ಟಾ ಬಳೆಗಾರ್ತಿ ಮಸ್ಕತ್ತಿಗೆ ಬಂದು ಬಳೆ ಕೊಂಡಳು! ನನಗೆ ಅವಮಾನವಾದ ಹಾಗಾಯಿತು. ಇದು ನಮ್ಮ ದೇಶದ ಫಿರೋಜಾಬಾದಿನಿಂದಲೇ ಬಂದ ಮಾಲು ಅಂತ ಅಪ್ಪ ಅಂಗಡಿಯವನಿಗೇ ವಿವರಿಸಿದ.

ಇವತ್ತು ಬೆಳಿಗ್ಗೆ ನಾಷ್ಟಾ ಆದ ಮೇಲೆ ಅವ್ವ ಕಿಟಕಿಯ ಬೆಳಕಿಗೆ ಚಾಪೆ ಹಾಸಿ ಕೂತಳು. "ಬಾ, ಎದುರಿಗೆ ಕುಂದ್ರು" ಎಂದಳು. ಬಳೆ ತೊಡಿಸುವಾಗ ಹೆಂಗಸರನ್ನು ಕೂರಿಸಿಕೊಳ್ಳುತ್ತಾಳಲ್ಲ, ಮೊಣಕಾಲಿಗೆ ಮೊಣಕಾಲು ತಾಗಿಸಿ, ಹಾಗೆ ಕೂರಿಸಿದಳು. ನಾನು ನಗುತ್ತ ಕೈ ಚಾಚಿದೆ.

"ಕೈ ಬ್ಯಾಡ. ನನ್ನ ಮೂಗಬೊಟ್ಟ ನೋಡು. ಅದನ್ನ ಬಿಟ್ಟು ಕಣ್ಣ ಸರಸಬ್ಯಾಡ."

"ಏನ ಆಟ ಇದು?"

"ನೋಡಂದ್ರ ನೋಡು."

ನೋಡಿದೆ. ಸಣ್ಣ ಕೆಂಪು ಹರಳಿನ ಮೂಗಬೊಟ್ಟು, ಚಿಕ್ಕಂದಿನಿಂದ ಕಂಡದ್ದು. ಅವ್ವ ಎರಡೂ ಕೈಗಳನ್ನು ಎರಡೂ ಬದಿಗೆ ಚಾಚಿದಳು.

"ಏನ ಕಾಣಸ್ತೈತಿ?"

"ಹಸರ ಬಳಿ."

"ಎಲ್ಲಿ?"

"ಬಲಕ."

"ಮತ್ತ?"

"ಮತ್ತೇನು? ಅಷ್ಟ."

"ಎಡಕ ಏನೈತಿ?"

"ಎಡಕ ನೀ ಏನೂ ಹಿಡದಿಲ್ಲಲ್ಲ."

ಆಗ ಎಡಕಿವಿಯ ಹತ್ತಿರ ಬಳೆ ಸದ್ದಾಯಿತು. ಕಿಣಿಕಿಣಿ ಅಂತ. ಸಂತೆಗಳಲ್ಲಿ ಅವಳ ಹಿಂದೆ ಓಡಾಡುತ್ತ ಬೆಳೆದವನಿಗೆ ಗೊತ್ತಿಲ್ಲದ ಸದ್ದಲ್ಲ. ಸದ್ದು ಇದೆ, ಕೈ ಇಲ್ಲ. ಸದ್ದು ಇದೆ, ಬಳೆ ಇಲ್ಲ. ನಾನು ಮೂಗಬೊಟ್ಟನ್ನೇ ನೋಡುತ್ತಿದ್ದೆ, ಅದು ಅಲುಗಾಡತೊಡಗಿತು. ಅವ್ವನ ಮುಖ ನಡುಗುತ್ತಿತ್ತು. ಆಮೇಲೆ ತಡೆಯಲಾಗದೆ ಕತ್ತು ತಿರುಗಿಸಿದೆ. ಅವಳ ಕೈಯಲ್ಲಿ ಒಂದು ಡಜನ್ ಕೆಂಪು ಬಳೆ. ಅದು ಅಲ್ಲೇ ಇತ್ತು. ಮೊದಲಿನಿಂದಲೂ ಅಲ್ಲೇ ಇತ್ತು.

ಎದ್ದು ನಿಂತೆ. ಕೂಗಿದೆ. ಏನು ಕೂಗಿದೆ ಅನ್ನುವುದನ್ನೂ ಬರೆಯುತ್ತೇನೆ. "ನಿನ್ನ ಕಣ್ಣ ಹೊಂಟಾವಂತ ಎಲ್ಲಾರವೂ ಹೊಂಟಾವಂತ ತಿಳಕೊಂಡೀಯೇನು?" ಎಂದೆ. ಹೆತ್ತ ತಾಯಿಗೆ.

ಅಪ್ಪ, "ಏ ಖಲೀಲ!" ಎಂದು ಎದ್ದ. ಅವ್ವ ಕೈ ತೋರಿಸಿ ಅವನನ್ನು ಕೂರಿಸಿದಳು.

"ಕೇಳು. ನಮ್ಮಪ್ಪ ನಿಜಾಮುದ್ದೀನ ಗೊಳಸಂಗಿಯಾಗ ಬಾಜೂಕ ಬಂದ ಮಂದೀನ ಮಾತಾಡಸ್ತಿರಲಿಲ್ಲ. ಸೊಕ್ಕಿನ ಮನಷ್ಯಾ ಅಂತಿದ್ರು ಎಲ್ಲಾರೂ. ನಾನೂ ಹಂಗ ತಿಳದಿದ್ದೆ. ಕಡೀಕ ಗ್ವಾಡಿ ಹಿಡಕೊಂಡ ಅಡ್ಡಾಡೂಹಂಗಾತು, ಆವಾಗ ತಿಳೀತು ಅದು ಸೊಕ್ಕಲ್ಲಂತ. ನನಗೂ ಹಂಗ ಆತು, ಸಂತ್ಯಾಗ ಎಡಗಡಿ ಕುಂತಾಕಿ ಕೈ ಚಾಚಿದ್ರ ನನಗ ಕಾಣತಿರಲಿಲ್ಲ. ಬಕ್ರೀದಕ್ಕ ನೀ ಬಂದಾಗ ನಿನ್ನ ಮಗಳು ಹಾಲಿನ ವಾಟಗಾ ಹಿಡಕೊಂಡು ಎಡಕ ನಿಂತಿತ್ತು. ಹಾದು ಹೊಂಟಿ, ಕೂಸು ಬಿತ್ತು, ಹಾಲು ಚೆಲ್ಲಿತು. ನೀ ಕೂಸಿಗೇ ಬೈದಿ. ಆವತ್ತ ನನ್ನ ಎದಿ ಧಸಕ್ ಅಂತು."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

"ಹೊನ್ನವ್ವ ನಿನಗ ಸೊಕ್ಕ ಬಂದೈತಿ ಅಂದ್ಲು. ಸೊಕ್ಕ ಇರಲಿ ಅಲ್ಲಾ, ನನ್ನ ಮಗಗ ಸೊಕ್ಕ ಇರಲಿ ಅಂತ ಐದೂ ಹೊತ್ತು ದುವಾ ಮಾಡೇನಿ. ಫೋನಿನ್ಯಾಗ ಹೇಳಿದ್ರ ನೀ ಕೇಳಂಗಿಲ್ಲ. ಅದಕ ಬಂದೆ. ನಾ ದೇಶ ನೋಡಾಕ ಬಂದಿಲ್ಲಪ್ಪಾ. ನಿನ್ನ ಕಣ್ಣ ನೋಡಾಕ ಬಂದೇನಿ."

ಹೊರಗೆ ಹೋಗಿಬಿಟ್ಟೆ. ಜುಮ್ಮಾ ನಮಾಜಿಗೆ ನಿಂತಾಗಲೂ ಎಡಗಡೆ ಯಾರಿದ್ದಾರೆ ಅಂತ ತಿರುಗಿ ನೋಡಲು ಧೈರ್ಯ ಬರಲಿಲ್ಲ. ನಮಾಜಿನ ಕೊನೆಗೆ ಸಲಾಮಿಗೆಂದು ಎಡಕ್ಕೆ ಕತ್ತು ತಿರುಗಿಸಿದಾಗ ಕಂಡ. ಯಾರೋ ಒಬ್ಬ ಮುದುಕ.


ಜನವರಿ ೨೫, ಶನಿವಾರ

ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಬಲಗಣ್ಣು ಮುಚ್ಚಿ ಕನ್ನಡಿ ನೋಡಿದೆ.

ನನ್ನ ಮೂಗು, ಒಂದಿಷ್ಟು ಬಾಯಿ. ಅದರ ಸುತ್ತ ಕಪ್ಪೂ ಅಲ್ಲ, ಬಿಳಿಯೂ ಅಲ್ಲ. ಏನೂ ಇಲ್ಲ.

ಎಷ್ಟು ದಿನದಿಂದ ಹೀಗಿದೆಯೋ.


ಜನವರಿ ೨೬, ಭಾನುವಾರ

ಅಯೂಬನ ಗಾಡಿಯಲ್ಲಿ ಕೆಲಸಕ್ಕೆ ಹೋದೆ. ಕಾರು ಕೆಟ್ಟಿದೆ ಅಂತ ಸುಳ್ಳು ಹೇಳಿದೆ.

ಅವ್ವನ ಜೊತೆ ಮಾತಿಲ್ಲ. ಊಟ ಬಡಿಸುತ್ತಾಳೆ, ಉಣ್ಣುತ್ತೇನೆ. ನನಗೇ ನಾಚಿಕೆ, ಆದರೆ ಬಾಯಿ ಏಳುತ್ತಿಲ್ಲ.


ಜನವರಿ ೨೮, ಮಂಗಳವಾರ

ಅವ್ವನಿಗೆಂದು ಗೊತ್ತು ಮಾಡಿದ ಹೊತ್ತಿಗೆ ನಾನು ಹೋಗಿ ಕೂತೆ. ಅವ್ವ, ಅಪ್ಪ ಜೊತೆಗೆ ಬಂದರು.

ಡಾಕ್ಟರಮ್ಮ ಮಲಯಾಳಿ. ಮೆಲುದನಿಯವರು. ಒಂದು ಯಂತ್ರದೊಳಗೆ ಗಲ್ಲ ಇಡಿಸಿ, ನಡುವಿನ ಬೆಳಕನ್ನೇ ನೋಡಿ, ಸುತ್ತ ಎಲ್ಲಾದರೂ ಚುಕ್ಕಿ ಮಿನುಗಿದರೆ ಗುಂಡಿ ಒತ್ತಿ ಅಂದರು. ನಾನು ಕಾದೆ. ಬಹಳ ಹೊತ್ತು ಏನೂ ಮಿನುಗಲಿಲ್ಲ. ಯಂತ್ರ ಕೆಟ್ಟಿದೆ ಅನ್ನಬೇಕೆಂದು ಬಾಯಿಗೆ ಬಂತು. ಕಂಬ ಡೊಂಕು, ಹುಡುಗರು ಕೆಟ್ಟವರು, ಈಗ ಯಂತ್ರ ಕೆಟ್ಟಿದೆ. ಬಾಯಿ ಮುಚ್ಚಿಕೊಂಡು ಕೂತೆ.

ಎಡಗಣ್ಣು ಬಹುಪಾಲು ಹೋಗಿದೆ, ನಡುವಿನದಷ್ಟೇ ಉಳಿದಿದೆ. ಬಲಗಣ್ಣಿನಲ್ಲೂ ಶುರುವಾಗಿದೆ. ನೋವಿರುವುದಿಲ್ಲ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಅದಕ್ಕೇ ಮನುಷ್ಯನಿಗೆ ತಿಳಿಯುವುದಿಲ್ಲ ಅಂದರು. ಹೋದದ್ದು ಬರುವುದಿಲ್ಲ. ಹನಿ ತಪ್ಪಿಸದೆ ಹಾಕಿದರೆ ಉಳಿದದ್ದನ್ನು ಬಹಳ ವರ್ಷ ಕಾಯಬಹುದು. ಸದ್ಯಕ್ಕೆ ಗಾಡಿ ಓಡಿಸುವ ಹಾಗಿಲ್ಲ. ಇನ್ನೆರಡು ವರ್ಷ ತಡವಾಗಿದ್ದರೆ ಅಂತ ಏನೋ ಹೇಳಲು ಹೋಗಿ, ಅವ್ವನ ಮುಖ ನೋಡಿ ನಿಲ್ಲಿಸಿದರು.

ಅವ್ವನಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಏನನ್ನೂ ಬಿಡಲಿಲ್ಲ.

"ಉಳದದ್ದ ಉಳೀತೈತಿ ಅಂದ್ರಿಲ್ಲೋ?" ಎಂದಳು.

"ಅಂದ್ರವ್ವಾ."

"ಮತ್ತೇನ ಬೇಕು?"

ಅಂದವಳೇ ಆಸ್ಪತ್ರೆಯ ಬಾಕಿನ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ತನ್ನ ಕಣ್ಣಿನ ಸುದ್ದಿ ಕೇಳಿದ ದಿನ ಅಳಲಿಲ್ಲವಂತೆ, ಅಪ್ಪ ಹೇಳಿದ. ನಾನೂ ಅತ್ತೆ. ಮೂವತ್ತೆಂಟು ವರ್ಷದವನು, ಜನ ನೋಡುತ್ತಿದ್ದರು. ನೋಡಲಿ. "ಆವತ್ತ ಅಂದದ್ದನ್ನ ಮನಸಿನಾಗ ಇಟ್ಕೋಬ್ಯಾಡವ್ವಾ" ಎಂದೆ. "ಯಾವತ್ತ? ಏನಂದಿ?" ಎಂದಳು.

ಸಂಜೆ ಊರಿಗೆ ಫೋನ್ ಮಾಡಿ ಹೆಂಡತಿ ಫರಹತಳಿಗೆ ಹೇಳಿದೆ, ಮಗಳ ಕಣ್ಣೂ ತೋರಿಸು ಎಂದೆ. "ಅತ್ತಿಯವರು ಹೋಗೂಮುಂಚೇನ ತೋರಿಸ್ಯಾರ್ರಿ. ಕೂಸಿಗೇನೂ ಇಲ್ಲ" ಎಂದಳು. ಅವಳಿಗೂ ಎಲ್ಲಾ ಗೊತ್ತಿತ್ತು. "ನನಗ್ಯಾಕ ಹೇಳಲಿಲ್ಲ?" ಎಂದರೆ, "ನಾ ಹೇಳಿದ್ರ ನೀವು ಕೇಳ್ತಿದ್ರೇನ್ರಿ?" ಎಂದಳು. ಇಲ್ಲ, ಕೇಳುತ್ತಿರಲಿಲ್ಲ.


ಫೆಬ್ರವರಿ ೧, ಶನಿವಾರ

ಕಾರಿಗೆ ಮುಸುಕು ಹಾಕಿದೆ. ಗೋದಾಮಿನ ಮಾಲೀಕರಿಗೆ ಹೇಳಿದೆ. ಕೂತು ಮಾಡುವ ಕೆಲಸ ನೋಡೋಣ ಅಂದಿದ್ದಾರೆ. ನೋಡಬೇಕು. ಹೆದರಿಕೆ ಇದೆ. ಇಲ್ಲ ಅಂದರೆ ಸುಳ್ಳಾಗುತ್ತದೆ.

ಬೆಳಿಗ್ಗೆ ಅವ್ವ ತಲೆ ಬಾಚಿಕೊಂಡು, ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಳು. "ಈಗ ತೋರಸು ನಿನ್ನ ದೇಶ. ಈಗ ನೋಡ್ತೇನಿ."

ಅಯೂ‌ಬನೇ ಗಾಡಿ ತಂದ. "ಖಲೀಲಭಾಯ್, ನೀವು ಮಾಲಕರಂಗ ಹಿಂದ ಕುಂದರ್ರಿ" ಅಂದ. ಅವನಿಗೆ ಈ ಸಲ ನಿಜ ಹೇಳಿದೆ. "ಇವರು ನಮ್ಮವ್ವ" ಅಂತಲೂ ಹೇಳಿದೆ.

ಊರಾಚೆಯ ಒಂದು ದಂಡೆಗೆ ಹೋದೆವು. ಹೆಸರೇನೋ, ಕೇಳಲಿಲ್ಲ. ಮೀನು ಹಿಡಿಯುವವರು ನೀಲಿ ದೋಣಿಯೊಂದನ್ನು ಮರಳಿನ ಮೇಲೆ ಎಳೆಯುತ್ತಿದ್ದರು. ಬಲೆಯ ವಾಸನೆ, ಉಪ್ಪಿನ ವಾಸನೆ. ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದಳು. ಅಲೆ ಬಂದು ಪಾದ ಮುಚ್ಚಿದಾಗ, "ಯಪ್ಪಾ, ಕಾಲಬುಡದ ಮಣ್ಣ ಕಿತ್ತಕೊಂಡ ಹೊಂಟಿತಲ್ಲೋ!" ಎಂದು ನನ್ನ ತೋಳು ಹಿಡಿದಳು. ಅಪ್ಪ ಲುಂಗಿ ಎತ್ತಿಕಟ್ಟಿ ಇನ್ನೂ ಒಳಗೆ ಹೋಗಿ ನಿಂತ, ಹೊಲದ ಬದುವಿನಲ್ಲಿ ನಿಂತವನ ಹಾಗೆ. ನೀರಿನ ಬಣ್ಣ ಹತ್ತಿರದಲ್ಲಿ ಒಂದು, ದೂರದಲ್ಲಿ ಒಂದು. ಹತ್ತಿರದ್ದು ಹೆಸರುಕಾಳಿನ ಬಣ್ಣ. ಇಷ್ಟು ವರ್ಷ ಇಲ್ಲಿದ್ದೂ ನಾನು ಸಮುದ್ರವನ್ನು ಹೀಗೆ ನಿಂತು ನೋಡಿರಲಿಲ್ಲ.

ಅವ್ವ ನನ್ನ ಎಡಕ್ಕೆ ನಿಂತಿದ್ದಳು. "ನಿನ್ನ ಎಡಕ ಒಂದ ಬಿಳಿ ಹಕ್ಕಿ ಬಂದೈತಿ, ಒಂಟಿಕಾಲಿನ ಮ್ಯಾಲ ನಿಂತೈತಿ" ಎಂದಳು. ತಿರುಗಿ ನೋಡಿದೆ. ನಿಂತಿತ್ತು. ಅವಳಿಗೆ ಕಾಣದ ಕಡೆ ಏನೇನು ಬಂತು ಅಂತ ನಾನು ತಿರುತಿರುಗಿ ನೋಡಿ ಹೇಳಿದೆ. ಒಂದು ನಾಯಿ, ಚೆಂಡು ಹಿಡಿದ ಒಬ್ಬ ಹುಡುಗಿ, ಖರ್ಜೂರ ಮಾರುವವನು. ಹಾಗೆಯೇ ಮಧ್ಯಾಹ್ನವಾಯಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಯೂಬ ತಂದ ಮೊಸರು. ಮರಳು ಬೆರೆತಿತ್ತು, ಯಾರೂ ಬಿಡಲಿಲ್ಲ.


ಫೆಬ್ರವರಿ ೬, ಗುರುವಾರ

ಹೋದರು.

ಹೊರಡುವ ಮುಂಚೆ ಅವ್ವ ಅಡುಗೆಮನೆಯ ಡಬ್ಬಗಳನ್ನೆಲ್ಲ ಒಲೆಯ ಬಲಕ್ಕೆ ಜೋಡಿಸಿಟ್ಟಳು. ಹನಿಯ ಸೀಸೆಯನ್ನು ಉಪ್ಪಿನ ಪಕ್ಕ ಇಟ್ಟಳು. "ಉಪ್ಪಿಲ್ದ ಉಣ್ಣಂಗಿಲ್ಲ ನೀ, ಹನಿ ಮರೀಯಂಗಿಲ್ಲ" ಎಂದಳು. ಹಸಿರು ಬಳೆಗಳನ್ನು ತಾನೇ ತೊಟ್ಟುಕೊಂಡಳು. ಕೆಂಪಿನವನ್ನು ಮೊಮ್ಮಗಳಿಗೆಂದು ಅರಿವೆಯಲ್ಲಿ ಸುತ್ತಿ, "ದೊಡ್ಡಾಕಿ ಆದ ಮ್ಯಾಲ ತೊಡಸ್ತೇನಿ. ಅಷ್ಟೊತ್ತಿಗೆ ನನಗ ಕಾಣಲಿಲ್ಲಂದ್ರೂ ಅಡ್ಡಿಯಿಲ್ಲ, ಕೈ ಹಿಡದ್ರ ಅಳತಿ ತಿಳೀತೈತಿ" ಎಂದಳು.

ನಿಲ್ದಾಣದಲ್ಲಿ ಅಪ್ಪ ನನ್ನ ಹೆಗಲು ತಟ್ಟಿ, "ಈ ಸಲ ಕಿಟಕಿ ಸೀಟ ಕೇಳ್ತೇನಿ" ಎಂದ.

ಅವರು ಒಳಗೆ ಹೋಗುವವರೆಗೆ ನೋಡಿದೆ. ಅವ್ವ ಎಡಗೈಯಿಂದ ಗೋಡೆ ಸವರುತ್ತ ನಡೆಯುತ್ತಿದ್ದಳು. ಅದು ಅಭ್ಯಾಸ ಅಂದುಕೊಂಡಿದ್ದೆ ಇಷ್ಟು ದಿನ.


ಫೆಬ್ರವರಿ ೧೦, ಸೋಮವಾರ

ದಿನಾ ಸಂಜೆ ಹನಿ ಹಾಕುವ ಹೊತ್ತಿಗೆ ಅವ್ವನ ಫೋನು. ಅವಳೂ ಆಗಲೇ ಹಾಕಿಕೊಳ್ಳುತ್ತಾಳೆ, ಅಪ್ಪ ರೆಪ್ಪೆ ಬಿಡಿಸಿ ಹಿಡಿಯುತ್ತಾನಂತೆ. ಮೊದಲು ಮಾತಿಲ್ಲ, ಬಳೆ ಸದ್ದು. ಆಮೇಲೆ, "ಹಾಕ್ಕೊಂಡ್ಯಾ?" ಅದಾದ ಮೇಲೆ ಅವಳದೊಂದು ಹೊಸ ನೇಮ. "ಈಗ ನಿನ್ನ ಎಡಕ ಏನೈತಿ, ತಿರುಗಿ ನೋಡಿ ಹೇಳು." ಹೀಗೆ ರೂಢಿಯಾದರೆ ರಸ್ತೆಯಲ್ಲೂ ಕತ್ತು ತಿರುಗಿಸುತ್ತೇನಂತೆ. ಮೊನ್ನೆ ಗೋಡೆ ಗಡಿಯಾರ ಅಂದೆ, ನಿನ್ನೆ ಒಗೆದ ಬಟ್ಟೆ ಅಂದೆ.

ಹೊನ್ನವ್ವ ಮನೆಗೆ ಬಂದಿದ್ದಳಂತೆ. ಅವ್ವ ಎಲ್ಲಾ ಹೇಳಿದಳಂತೆ. "ನನ್ನ ಬಾಯಿಗಿಷ್ಟ ಮಣ್ಣ ಹಾಕ" ಎಂದು ಅತ್ತು, ಹೋಗುವಾಗ ಎರಡು ಕಟ್ಟು ಮೆಂತ್ಯಪಲ್ಲೆ ಕೊಟ್ಟು ಹೋದಳಂತೆ.

ಇವತ್ತು ಫೋನು ಬಂದಾಗ ನಾನು ಒಲೆಯ ಮುಂದೆ ನಿಂತಿದ್ದೆ. ಸಾರು ಕುದಿಯುತ್ತಿದೆ ಅಂತ ಅವಳಿಗೆ ಹೇಳಿ, ಹನಿ ಹಾಕಿಕೊಂಡು ಕಣ್ಣೊರೆಸಿದೆ.

"ಎಡಕ ಏನೈತಿ?" ಎಂದಳು.

"ಕಿಟಕಿ."

"ಕಿಟಕಿ ನನಗೂ ಗೊತ್ತೈತಿ. ಹತ್ರ ಹೋಗಿ, ಪೂರಾ ತಿರುಗಿ ನೋಡು."

ಒಂದು ಹೆಜ್ಜೆ ಎಡಕ್ಕೆ ಹೋಗಿ, ಅವಳು ಮೊದಲ ದಿನ ನಿಂತ ಕಡೆ ನಿಂತು, ಪೂರ್ತಿ ತಿರುಗಿದೆ. ಪಕ್ಕದವರ ಗೋಡೆ. ಗೋಡೆಯ ಆಚೆ ನೀರಿನ ಟಾಕಿ. ಟಾಕಿಗೂ ಅದರ ಹಿಂದಿನ ಕಟ್ಟಡಕ್ಕೂ ನಡುವೆ ಬೆರಳಗಲದ ಸಂದಿ. ಸಂದಿಯಲ್ಲಿ ನೀಲಿ. ಅದರ ಮೇಲೆ ಒಂದು ಹಡಗು, ಅಲುಗದೆ ನಿಂತಂತೆ ಕಂಡು, ನೋಡನೋಡುತ್ತ ಸಂದಿ ದಾಟಿ ಹೋಯಿತು.

"ಏನೈತೋ? ಯಾಕ ಸುಮ್ಮಕಾದಿ?"

"ಸಮುದ್ರ ಐತವ್ವಾ."

"ಬಂದ ದಿನಾನ ಹೇಳಿದ್ದೆಲ್ಲೋ ನಿನಗ" ಎಂದಳು ಅವ್ವ. ಒಲೆಯ ಮೇಲಿನ ಸಾರು ನೋಡಿಕೋ ಎಂದು ಹೇಳಿ ಫೋನಿಟ್ಟಳು.